ಬಾಸ್ಕೆಟ್ ಬಾಲ್ ಆಟದ ಜನಕ ಜೇಮ್ಸ್ ನೈಸ್ಮಿತ್

ಶಾಲೆಯ ಬಯಲಿನಲ್ಲಿ ಎರಡು ಕಂಬಗಳನ್ನು ನೆಟ್ಟು, ಅವುಗಳ ತಲೆಗೆ ಕಬ್ಬಿಣದ ಬಳೆಗಳನ್ನು ತೊಡಿಸಿದರೆ ಬಾಲಕಿಯರಿಗೆ ಒಂದು ಆಟದ ಅಂಗಳವು ಸಿದ್ಧವಾಗುತ್ತದೆ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಯವರಾದ ನಾವು ಈ ಆಟವನ್ನು ಬಲ್ಲೆವು. ಇದನ್ನು ಲೋಕಕ್ಕೆ ಕೊಟ್ಟವರ ಚರಿತ್ರೆಯನ್ನು ಅರಿತವರಾದರೋ ವಿರಳ. ಆದಕಾರಣ ಅದನ್ನು ಸಂಕ್ಷೇಪವಾಗಿ ನಿರೂಪಿಸುವೆವು.

ಜೇಮ್ಸ್ ನೈಸ್ಮಿತ್ ಮಹಾಶಯರು ಕೆನಡಾ ದೇಶದ ಆಲ್ಮಂಟ್ ಎಂಬ ಊರಿನ ಬಳಿ 1861ನೆಯ ಇಸವಿ ನವೆಂಬರ್ 6ರಂದು ಜನಿಸಿದರು. 1870ರಲ್ಲಿ ತಂದೆತಾಯಿಗಳಿಬ್ಬರೂ ವಿಷಮಜ್ವರದಿಂದ ಗತಿಸಲು, ಸೋದರಮಾವನ ಆಶ್ರಯದಲ್ಲಿ ಬೆಳೆದರು. ನಡುವೆ ಶಾಲೆಯನ್ನು ತೊರೆದು ಕೆಲವು ವರ್ಷ ಕಾಡಿನಲ್ಲಿ ಮರ ಕಡಿದರು; ಮತ್ತೆ ಓದಿಗೆ ಮರಳಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪದವಿಯನ್ನೂ, ಬಳಿಕ ದೈವಶಾಸ್ತ್ರದ ಶಿಕ್ಷಣವನ್ನೂ ಪಡೆದರು. ಸಭಾಪಾಲಕರಾಗಬೇಕಾದ ತರುಣನು ಆಟದ ಬಯಲಿಗೆ ಹೋದುದು ಬಂಧುಗಳಿಗೆ ರುಚಿಸಲಿಲ್ಲ. ಆದರೆ ಯುವಕರ ನಡತೆಯನ್ನು ತಿದ್ದಲು ಕ್ರೀಡೆಯೂ ಒಂದು ಸಾಧನವೆಂಬುದು ಅವರ ದೃಢನಿಶ್ಚಯವಾಗಿತ್ತು.

ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಅವರು ಉಪಾಧ್ಯಾಯರಾದರು. 1891ರ ಚಳಿಗಾಲದಲ್ಲಿ, ಒಳಾಂಗಣದ ಕವಾಯತಿನಿಂದ ಬೇಸತ್ತು ತುಂಟರಾಗಿದ್ದ 18 ಮಂದಿಯ ತರಗತಿಯೊಂದು ಅವರ ಪಾಲಿಗೆ ಬಂದಿತು. ಎರಡು ವಾರದೊಳಗೆ ಹೊಸ ಆಟವೊಂದನ್ನು ಕಲ್ಪಿಸಬೇಕೆಂದು ಮೇಲಧಿಕಾರಿಗಳಾದ ಲೂಥರ್ ಗ್ಯುಲಿಕ್‌ರವರು ವಿಧಿಸಿದರು. ನೈಸ್ಮಿತ್‌ರು ಹೀಗೆ ತರ್ಕಿಸಿದರು: ಚೆಂಡನ್ನು ಹಿಡಿದು ಓಡಗೊಡದಿದ್ದರೆ ಒಬ್ಬರನ್ನೊಬ್ಬರು ಕೆಡಹುವ ಕಾರಣವೇ ಇರದು, ಗುರಿಯು ತಲೆಗಿಂತ ಮೇಲೆ ಅಡ್ಡಲಾಗಿದ್ದರೆ ಬಲಕ್ಕಿಂತ ನೇರ್ಪು ಗೆಲ್ಲುವುದು. ಪೆಟ್ಟಿಗೆಗಳು ದೊರೆಯದುದರಿಂದ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಬಡಿಯಲಾಯಿತು. ನಿಯಮಗಳು 13, ಪಕ್ಷಕ್ಕೆ 9 ಮಂದಿ. ಮೊದಲ ಪಂದ್ಯವು ಒಂದೇ ಗೋಲಿನಿಂದ ಮುಗಿಯಿತು.

ಮಾರನೆಯ ವರ್ಷವೇ ಸ್ತ್ರೀಯರೂ ಆಡತೊಡಗಿದರು. ಸೆಂಡಾ ಬೆರೆನ್‌ಸನ್ ಎಂಬ ಉಪಾಧ್ಯಾಯಿನಿಯು ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಡಿದ ಮೊದಲ ಸ್ತ್ರೀಯರಲ್ಲೊಬ್ಬರಾದ ಮಾಡ್ ಷೆರ್ಮನ್‌ರು 1894ರಲ್ಲಿ ನೈಸ್ಮಿತ್‌ರ ಧರ್ಮಪತ್ನಿಯಾದರು.

1898ರಲ್ಲಿ ವೈದ್ಯಪದವಿಯನ್ನು ಪಡೆದು ಅವರು ಕಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದೇ ವರ್ಷ ಹಣಕ್ಕಾಗಿ ಆಡುವವರ ಮೊದಲ ಲೀಗ್ ಹುಟ್ಟಿ, ಕೆಲವೇ ವರ್ಷಗಳಲ್ಲಿ ಅಳಿಯಿತು. ನೈಸ್ಮಿತ್‌ರಾದರೋ ತಮ್ಮ ಕಲ್ಪನೆಯಿಂದ ಐಶ್ವರ್ಯವನ್ನು ಅರಸಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟವು ಮೊದಲಿಗೆ ಸೇರಿದಾಗ, ತರಬೇತುದಾರರ ಸಂಘದವರು ಚಂದಾ ಕೂಡಿಸಿ ಅವರನ್ನು ಕಳುಹಿಸಿಕೊಡಬೇಕಾಯಿತು. 1939ರ ನವೆಂಬರ್ 28ರಂದು ಅವರು ದೈವಾಧೀನರಾದರು. ಅವರ ತರುವಾಯ 1946ರಲ್ಲಿ 11 ತಂಡಗಳಿಂದ ಆರಂಭವಾದ ಸಂಘವು, 1949ರಲ್ಲಿ ಮತ್ತೊಂದು ಲೀಗ್‌ನೊಡನೆ ಕೂಡಿ, ಎನ್.ಬಿ.ಎ. ಎಂಬ ಹೆಸರಿನಿಂದ ಜಗದ್ವಿಖ್ಯಾತವಾಯಿತು. ಆಟವು ಮಂದಗತಿಯಾಗದಂತೆ 1954ರಲ್ಲಿ 24 ಸೆಕೆಂಡುಗಳ ಕಟ್ಟಳೆಯು ಬಂದಿತು. ಇಷ್ಟಾದರೂ ಬುಟ್ಟಿಯ ಎತ್ತರವು ಅದೇ 10 ಅಡಿ.

ನಮ್ಮ ದಕ್ಷಿಣದೇಶಕ್ಕೂ ಆ ಶಾಲೆಗೂ ನಂಟುಂಟು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್‌ರವರು 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಶಾಲೆಯನ್ನು ಸ್ಥಾಪಿಸಿದರು. 2015ರಲ್ಲಿ ಭಾರತದಲ್ಲಿಯೂ ವೃತ್ತಿಪರ ಲೀಗ್‌ವೊಂದು ಮೊದಲಾಗಿ, ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿತ್ತು; ಅದು ಬಹುಕಾಲ ಬಾಳಲಿಲ್ಲ. ಆದರೆ 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ಏಷ್ಯಾ ಕಪ್‌ನ ಎರಡನೆಯ ವಿಭಾಗವನ್ನು ಗೆದ್ದು, ಮೊದಲ ವಿಭಾಗಕ್ಕೆ ಏರಿದರು.

ಮಾತಾಪಿತೃಗಳೇ, ಅನಾಥ ಬಾಲಕನೊಬ್ಬನ ಬುದ್ಧಿಯು ಎರಡು ಹಣ್ಣಿನ ಬುಟ್ಟಿಗಳಿಂದ ಇಷ್ಟನ್ನು ಸಾಧಿಸಿತು. ಓದು ಕೆಡುವುದೆಂಬ ಭಯದಿಂದ ಹೆಣ್ಣುಮಕ್ಕಳನ್ನು ಬಯಲಿನಿಂದ ಕರೆದೊಯ್ಯುವ ಮುನ್ನ ಈ ಗುರುಗಳನ್ನು ನೆನೆಯಿರೆಂದು ನಮ್ಮ ಬಿನ್ನಹ. ನಿಯಮಕ್ಕೆ ತಲೆಬಾಗುವುದನ್ನೂ, ಕೈಯಲ್ಲಿರುವುದನ್ನು ಗೆಳತಿಗೆ ದಾಟಿಸುವುದನ್ನೂ ಆ ಬಯಲೇ ಕಲಿಸುತ್ತದೆ.