ನೈಟಿಂಗೇಲ್ ಕೈಯಲ್ಲಿದ್ದ ರಿಜಿಸ್ಟರ್

ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್.ಪೇಟೆ ದಾಟಿ ನಾಗಮಂಗಲದವರೆಗೆ ಓಡಾಡುವಾಗ ಒಂದು ಆಸ್ಪತ್ರೆಯಲ್ಲಿ ಕಂಡಿದ್ದು. ಹೆಸರು ಬೇಡ. ಸಿಸ್ಟರ್ ಒಬ್ಬರು ಕೇಸ್ ಶೀಟ್‌ನಲ್ಲಿ ಬಿಪಿ, ಟೆಂಪರೇಚರ್ ಬರೆದರು. ಆಮೇಲೆ ಅದನ್ನೇ ಕಂಪ್ಯೂಟರ್‌ಗೆ ಹಾಕೋಕೆ ಕೂತರು. ಸರ್ವರ್ ಡೌನ್. ಡ್ಯೂಟಿ ಮುಗಿದಿತ್ತು, ಮನೆಗೆ ಹೋಗುವಂತಿಲ್ಲ. ಅವರ ತಲೆಯ ಮೇಲೆ ಗೋಡೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಫೋಟೊ, ಕೈಯಲ್ಲಿ ದೀಪ.

ಆ ದೀಪದ ಕಥೆ ಶಾಲೆಯಲ್ಲೇ ಎಲ್ಲರೂ ಓದಿದ್ದೇವೆ. ಆಕೆಯ ಬದುಕಿನ ಬಹುಪಾಲು ಕಳೆದಿದ್ದು ಮಾತ್ರ ಫಾರ್ಮು, ಕಾಲಂ, ಸಾವಿನ ಲೆಕ್ಕಗಳ ಜೊತೆ.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ಸಿರಿವಂತ ಇಂಗ್ಲಿಷ್ ಮನೆತನ. ಮಗಳು ನರ್ಸ್ ಆಗ್ತೀನಿ ಅಂದಾಗ ಮನೆಯವರು ಕಂಗಾಲಾದರು, ಯಾಕಂದ್ರೆ ಆಗ ಅದು ಮರ್ಯಾದಸ್ಥರ ಕೆಲಸ ಅನ್ನಿಸಿಕೊಳ್ಳುತ್ತಿರಲಿಲ್ಲ. ವರ್ಷಗಟ್ಟಲೆ ಜಗಳ ನಡೆಯಿತು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದು, 1854ರ ನವೆಂಬರ್‌ನಲ್ಲಿ 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದಿಳಿದರು. ಅದು ಕ್ರಿಮಿಯಾ ಯುದ್ಧದ ಕಾಲ.

ಕೊಳಕು, ಇಲಿ, ತುಂಬಿ ಹರಿಯುವ ಚರಂಡಿ ಎಲ್ಲ ಇತ್ತು. ಆದರೆ ಆಕೆಯನ್ನು ಬೆಚ್ಚಿಬೀಳಿಸಿದ ಇನ್ನೊಂದು ವಿಷಯ, ಎಷ್ಟು ಜನ ಸತ್ತರು ಅಂತಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ! ಸಾವಿಗೆ ಮೂರು ಬೇರೆ ಬೇರೆ ದಾಖಲೆಗಳಿದ್ದವು, ಒಂದು ಹೇಳಿದ್ದು ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಡೇಟಾಬೇಸ್ ಪಾಠದ ಶುರುವಿನಲ್ಲೇ ನಮಗೆ ಹೇಳಿಕೊಟ್ಟಿದ್ದು ಇದನ್ನೇ: ಒಂದೇ ಮಾಹಿತಿಯನ್ನು ಎರಡು ಕಡೆ ಇಟ್ಟರೆ ಒಂದಲ್ಲ ಒಂದು ದಿನ ಅವು ಜಗಳ ಆಡುತ್ತವೆ.

1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ಶೇ. 42ಕ್ಕೆ ಏರಿತು. ಮಾರ್ಚ್‌ನಲ್ಲಿ ಲಂಡನ್‌ನಿಂದ ನೈರ್ಮಲ್ಯ ಆಯೋಗದವರು ಬಂದು ಚರಂಡಿ ತೊಳೆಸಿ, ಗಾಳಿ ಬರುವಂತೆ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ಶೇ. 2ರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿಸಿ ಬಂದು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಯಿತು: ಗಾಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೈನಿಕರು ತಡೆಯಬಹುದಾಗಿದ್ದ ರೋಗಗಳಿಂದ ಸತ್ತಿದ್ದರು. ತಾನೇ ನಡೆಸಿದ ಆಸ್ಪತ್ರೆಯ ಕೊಳಕೇ ಅಷ್ಟು ಜನರನ್ನು ಕೊಂದಿತು ಅನ್ನೋದು ಆಗಲೇ ಆಕೆಗೆ ಅರಿವಾಯಿತು ಅಂತ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಆ ಲೆಕ್ಕವನ್ನು ಆಕೆ ಮುಚ್ಚಿಡಲಿಲ್ಲ. ಮಂತ್ರಿಗಳಿಗೂ ಅರ್ಥವಾಗುವ ಹಾಗೆ ಬಣ್ಣದ ವೃತ್ತಚಿತ್ರ ಬರೆಸಿ ಹಂಚಿದರು. 1858ರಲ್ಲಿ ಲಂಡನ್ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಫೆಲೊ ಆದರು.

1860ರಲ್ಲಿ ಲಂಡನ್‌ನ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಆಕೆಯ ಯೋಜನೆ ಬಂತು: ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ಫಾರ್ಮು, ರೋಗಗಳಿಗೆ ಒಂದೇ ಪಟ್ಟಿ. ಇವತ್ತಿನ ಎಲೆಕ್ಟ್ರಾನಿಕ್ ದಾಖಲೆಯ ಅಜ್ಜಿ ಅನ್ನಬಹುದು. ಸಮ್ಮೇಳನ ಒಪ್ಪಿತು, ಲಂಡನ್‌ನ ಕೆಲವು ಆಸ್ಪತ್ರೆಗಳು ಪ್ರಯತ್ನವನ್ನೂ ಮಾಡಿದವು. ಆಮೇಲೆ ಬಿದ್ದುಹೋಯಿತು. ಫಾರ್ಮು ತುಂಬಾ ಜಟಿಲ, ತುಂಬೋಕೆ ಸಮಯವೂ ಖರ್ಚೂ ಜಾಸ್ತಿ. ನೈಟಿಂಗೇಲ್ ಇಲ್ಲಿ ಎಡವಿದರು ಅಂತಲೇ ನನಗನ್ನಿಸೋದು. ತುಂಬುವ ಕೈಗೆ ಆ ಫಾರ್ಮಿನಿಂದ ಏನು ಸಿಗುತ್ತೆ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತ ಆಶಾ ಕಾರ್ಯಕರ್ತೆಯರ ಬೇಡಿಕೆಗಳಲ್ಲಿ ಒಂದು, ತಮ್ಮ ಪ್ರೋತ್ಸಾಹಧನವನ್ನು ಆರ್‌ಸಿಎಚ್ ಪೋರ್ಟಲ್‌ನಿಂದ ಬಿಡಿಸಿ ಅನ್ನೋದು. ಕೆಲಸ ಮಾಡಿದ್ದರೂ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡಿಲ್ಲ. 165 ವರ್ಷದ ಹಿಂದಿನ ಅದೇ ತೊಡಕು.

ನಮ್ಮ ನೆಲದ ಲೆಕ್ಕವನ್ನೂ ಆಕೆ ಕೇಳಿದ್ದರು. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಪಡೆ ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಕಂಟೋನ್ಮೆಂಟ್ ಸಾಗಿಸಿತ್ತು. ಅರ್ಧ ಶತಮಾನದ ನಂತರವೂ ಭಾರತದಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ನೈಟಿಂಗೇಲ್ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದವರು ಅಲ್ಲಿಂದಲೇ ಇಲ್ಲಿನ ಠಾಣ್ಯಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಕಾಗದದ ರಾಶಿಯನ್ನು ಓದಿ ಟಿಪ್ಪಣಿ ಬರೆದರು. ಹಲಸೂರು ಕೆರೆ ನೀರಿನ ಕೊಳಕೂ ಅದರಲ್ಲಿ ಬಂದಿದೆ. 1863ರ ಆ ವರದಿ 2 ಸಾವಿರ ಪುಟ ಮೀರಿತ್ತು. ಸಂಕ್ಷಿಪ್ತ ಆವೃತ್ತಿ ಮಾಡುವಾಗ ಆಕೆಯ ಟಿಪ್ಪಣಿಯನ್ನೇ ಕೈಬಿಟ್ಟರು. ಆಕೆ ಅದನ್ನು ತಾನೇ ಬೇರೆ ಅಚ್ಚು ಹಾಕಿಸಿ ಹಂಚಿದರು.

ಶುರುವಿನಲ್ಲಿ ಆಕೆಯ ಚಿಂತೆ ಸಾಮ್ರಾಜ್ಯದ ಸೈನಿಕರದ್ದು, ಇಲ್ಲಿನ ರೈತರದ್ದಲ್ಲ. ಅದನ್ನು ಮರೆಸಬೇಕಿಲ್ಲ. ಆದರೆ ಲೆಕ್ಕ ಆಕೆಯನ್ನು ಬೇರೆ ಕಡೆ ಎಳೆಯಿತು. 1876–78ರ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಇಲ್ಲವಾದರು. ಆ ಬರ, ಭಾರತದ ರೈತನ ಸಾಲ, ನೀರಾವರಿಯ ಬಗ್ಗೆ ಆಕೆ ಲಂಡನ್ ಪತ್ರಿಕೆಯಲ್ಲಿ ಬರೆದಾಗ ಅಲ್ಲಿನ ಆಡಳಿತಗಾರರಿಗೆ ಇರುಸುಮುರುಸಾಯಿತು.

ಕೊನೆಗಾಲದಲ್ಲಿ ಕಣ್ಣು ಹೋಯಿತು. ಓದುವುದು, ಬರೆಯುವುದು ನಿಂತಿತು. 1910ರ ಆಗಸ್ಟ್ 13ರಂದು ತೀರಿಕೊಂಡಾಗ 90 ವರ್ಷ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಹಳ್ಳಿ ಚರ್ಚಿನಲ್ಲಿರುವ ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎರಡು ಇನಿಷಿಯಲ್, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.