ಕುಲಪುರೋಹಿತ ಆಲೂರು ವೆಂಕಟರಾಯರು

ಮನೆಯಲ್ಲಾಡುವ ನುಡಿಯನ್ನು ನಾಲ್ಕು ಜನರೆದುರು ಆಡಲು ನಾಚುವಂತಾದರೆ, ಒಂದು ಜನಾಂಗಕ್ಕೆ ಅದಕ್ಕಿಂತ ಮಿಗಿಲಾದ ಅವಮಾನವಿಲ್ಲ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಕರ್ನಾಟಕದ ಸ್ಥಿತಿ ಇದೇ ಆಗಿತ್ತು. ಪೇಶವೆಯರ ಕಾಲದ ರೂಢಿಯಂತೆ ಅಲ್ಲಿ ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಗೇ ಅಗ್ರಸ್ಥಾನ. ಸುಶಿಕ್ಷಿತ ಕನ್ನಡಿಗರು ಪರಸ್ಪರ ಪತ್ರಗಳನ್ನೂ ಮರಾಠಿಯಲ್ಲೇ ಬರೆಯುತ್ತಿದ್ದರು. ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ ಮೇಲೂ ಈ ಕೀಳರಿಮೆ ಪೂರ್ಣವಾಗಿ ಅಳಿದಿರಲಿಲ್ಲ.

ಇಂತಹ ಕಾಲದಲ್ಲಿ, 1880ರ ಜುಲೈ 12ರಂದು, ಮಾಧ್ವ ಮನೆತನವೊಂದರಲ್ಲಿ ಶ್ರೀ ಆಲೂರು ವೆಂಕಟರಾಯರು ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ ಮಹಾರಾಷ್ಟ್ರೀಯರ ಇತಿಹಾಸಾಭಿಮಾನವನ್ನು ಕಂಡ ಅವರಿಗೆ ತಮ್ಮವರ ಮರೆವು ಶಲ್ಯದಂತೆ ನಾಟಿತು. ಹಂಪೆಯ ಭಗ್ನಾವಶೇಷಗಳ ದರ್ಶನವು ಆ ನೋವನ್ನು ಸಂಕಲ್ಪವನ್ನಾಗಿ ಮಾರ್ಪಡಿಸಿತು. ವಕೀಲಿಯನ್ನು ತೊರೆದು ಅವರು ನಾಡಿನ ಕಾರ್ಯಕ್ಕೆ ನಿಂತರು. 1917ರಲ್ಲಿ ‘ಕರ್ನಾಟಕ ಗತವೈಭವ’ ಗ್ರಂಥವನ್ನು ಪ್ರಕಟಿಸಿದರು. 1922ರಲ್ಲಿ ‘ಜಯಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಲ್ಲಿ ಏಕೀಕರಣದ ಹಂಬಲವನ್ನು ಬಿತ್ತಿದರು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನ ಅವರಿಗೆ ಸಂದಿತು.

ಗಮನಿಸಬೇಕಾದ ಸಂಗತಿಯೊಂದುಂಟು. ಅನಾದರದಿಂದ ನೊಂದ ಇವರು ಮರಾಠಿಯನ್ನು ದ್ವೇಷಿಸಲಿಲ್ಲ. ತಿಲಕರ ‘ಗೀತಾರಹಸ್ಯ’ವನ್ನು ತಾವೇ ಕನ್ನಡಿಸಿದರು. ಶ್ರೀಮಧ್ವಾಚಾರ್ಯರ ಸಿದ್ಧಾಂತವನ್ನೂ ತಿಳಿಗನ್ನಡದಲ್ಲಿ ನಿರೂಪಿಸಿದರು. ಪರರ ಮನ್ನಣೆಯನ್ನು ಬಯಸುವವನು ಮೊದಲು ತನ್ನನ್ನು ತಾನು ಗೌರವಿಸಬೇಕೆಂಬುದನ್ನು ಅವರು ಬಾಳಿ ತೋರಿಸಿದರು.

1956ರ ನವೆಂಬರ್ 1ರಂದು ನಾಡು ಒಂದಾದುದನ್ನು ಕಣ್ಣಾರೆ ಕಂಡು, 1964ರ ಫೆಬ್ರವರಿ 25ರಂದು ಅವರು ಹರಿಪಾದವನ್ನು ಸೇರಿದರು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ; ಕನ್ನಡವಾಡಲು ಮಾತ್ರ ನಾಚದಿರಲಿ.