ಹಳೆಯ ಕೆರೆಗಳ ಹಿತಚಿಂತಕ ಸರ್ ರಿಚರ್ಡ್ ಸ್ಯಾಂಕಿ

ಬೆಂಗಳೂರಿನ ಸ್ಯಾಂಕಿ ಕೆರೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರಿನ ವ್ಯಕ್ತಿ ಯಾರು, ಈ ನಾಡಿನ ರೈತನಿಗೂ ಅವರಿಗೂ ಇದ್ದ ಸಂಬಂಧವೇನು ಎಂಬುದನ್ನು ಬಲ್ಲವರು ಹೆಚ್ಚು ಮಂದಿಯಿಲ್ಲ. 1882ರಲ್ಲಿ ನಿರ್ಮಾಣಗೊಂಡ ಒಂದು ಹೊಸ ಕೆರೆಯಿಂದ ಅವರ ಹೆಸರು ಉಳಿದಿದೆಯಾದರೂ ಅವರ ಮಹತ್ವದ ಸೇವೆ ಸಂದದ್ದು ನಮ್ಮ ಪೂರ್ವಿಕರು ಕಟ್ಟಿದ ಹಳೆಯ ಕೆರೆಗಳಿಗೆ.

ರಿಚರ್ಡ್ ಹೈರಾಮ್ ಸ್ಯಾಂಕಿ ಅವರು 1829ರ ಮಾರ್ಚ್ 22ರಂದು ಐರ್ಲೆಂಡಿನ ಟಿಪ್ಪೆರರಿ ಪ್ರಾಂತದಲ್ಲಿ ಜನಿಸಿದರು. ಅಡಿಸ್ಕೊಂಬಿನ ಸೈನಿಕ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1846ರಲ್ಲಿ ಮದರಾಸು ಇಂಜಿನಿಯರ್ ದಳವನ್ನು ಸೇರಿದರು. ಅದೇ ಕಾಲದಲ್ಲಿ ಅವರ ತಾಯ್ನಾಡು ಆಲೂಗಡ್ಡೆಯ ಬೆಳೆ ನಾಶವಾಗಿ ಘೋರ ಕ್ಷಾಮದಲ್ಲಿ ಬೇಯುತ್ತಿತ್ತು. ಮುಂದೆ ಅವರು ದುಡಿಯಲಿದ್ದ ಮೈಸೂರು ಸೀಮೆಗೂ ಅಂತಹುದೇ ವಿಪತ್ತು ಕಾದಿತ್ತು.

1864ರಲ್ಲಿ ಸ್ಯಾಂಕಿಯವರು ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ನೇಮಕಗೊಂಡರು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಬೆಂಗಳೂರಿನ ಪೂರ್ವಕ್ಕೆ 1809ರಲ್ಲಿ ನೆಲೆಗೊಂಡ ದಂಡು ಪ್ರದೇಶವು ಹಲಸೂರಿನ ಸುತ್ತ ಬೆಳೆಯುತ್ತ, ನೀರಿಗಾಗಿ ಹಳೆಯ ಕೆರೆಗಳನ್ನೇ ನೆಚ್ಚಿಕೊಂಡಿತ್ತು. ಅಠಾರಾ ಕಚೇರಿಯ ಭವ್ಯ ಕಟ್ಟಡ, ಅದರ ಸುತ್ತಲಿನ ಉದ್ಯಾನ, ಸಂಸ್ಥಾನದ ಹಲವು ರಸ್ತೆಗಳು ಅವರ ಅಧಿಕಾರಾವಧಿಯಲ್ಲಿ ರೂಪುಗೊಂಡವು. ಆದರೆ ಈ ಕಟ್ಟಡಗಳಿಗಿಂತ ಹೆಚ್ಚಿನ ಪರಿಣಾಮ ಬೀರಿದ್ದು, ಹಳೆಯ ನೀರಾವರಿ ಕಾಮಗಾರಿಗಳನ್ನು ಶಾಸ್ತ್ರೀಯವಾಗಿ ನೋಡಿಕೊಳ್ಳಲೆಂದು ಅವರು ಸ್ಥಾಪಿಸಿದ ನೀರಾವರಿ ಇಲಾಖೆ.

ಹಲಸೂರು ಕೆರೆಯ ನಿದರ್ಶನದಿಂದ ಈ ಕಾರ್ಯದ ಸ್ವರೂಪವನ್ನು ತಿಳಿಯಬಹುದು. ಹಲಸೂರು ಕೆರೆ ಕೋಡಿ ಬಿದ್ದರೆ ಆ ನೀರು ಚಲ್ಲಘಟ್ಟದ ಕಣಿವೆಯಲ್ಲಿಳಿದು ಬೆಳ್ಳಂದೂರು ಕೆರೆಯನ್ನು ಸೇರುತ್ತದೆ. ಅಲ್ಲಿಂದ ವರ್ತೂರು ಕೆರೆಗೆ, ಕಡೆಗೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಹಲಸೂರಿನಿಂದ ಕೃಷ್ಣರಾಜಪುರದ ಮಾರ್ಗವಾಗಿ ಕೋಲಾರದತ್ತ ಸಾಗಿದರೆ ಇಂತಹ ಸರಣಿಗಳು ಕಣಿವೆ ಕಣಿವೆಗಳಲ್ಲೂ ಕಾಣಸಿಗುತ್ತವೆ. ಮೇಲಿನ ಕೆರೆಯ ಏರಿ ಒಡೆದರೆ ಆ ಪ್ರವಾಹಕ್ಕೆ ಕೆಳಗಿನ ಕೆರೆಗಳೂ ಒಂದರ ಹಿಂದೊಂದು ಒಡೆಯುವ ಭಯ. ಮೇಲಿನವರು ಕೋಡಿಯನ್ನು ಎತ್ತರಿಸಿಕೊಂಡರೆ ಕೆಳಗಿನ ಅಚ್ಚುಕಟ್ಟಿಗೆ ನೀರಿನ ಬರ. ಆದುದರಿಂದ ಒಂದೊಂದು ಕೆರೆಯನ್ನು ಬೇರೆಬೇರೆಯಾಗಿ ದುರಸ್ತಿ ಮಾಡುವುದು ವ್ಯರ್ಥವೆಂದು ಮನಗಂಡ ಸ್ಯಾಂಕಿಯವರು ಇಡೀ ಕಣಿವೆಯನ್ನೇ ಒಂದು ಘಟಕವಾಗಿ ಪರಿಗಣಿಸಿದರು. ಕಣಿವೆಗಳ ಮೋಜಣಿ ನಡೆಸಿ, ಪ್ರತಿಯೊಂದು ಕೆರೆಗೂ ಎಷ್ಟು ನೆಲದ ಮಳೆನೀರು ಬರುತ್ತದೆಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಕೆರೆಗಳ ಸಂಖ್ಯೆಯನ್ನೂ ಗಾತ್ರವನ್ನೂ ಗೊತ್ತುಪಡಿಸುವ ಪದ್ಧತಿಯನ್ನು ಜಾರಿಗೆ ತಂದರು.

ಈ ಮೋಜಣಿಯಿಂದ ಹೊರಬಿದ್ದ ಸಂಗತಿ ಅವರನ್ನೇ ಬೆರಗುಗೊಳಿಸುವಂತಹುದಾಗಿತ್ತು. ಸಂಸ್ಥಾನದ 27,269 ಚದರ ಮೈಲಿಗಳ ಪೈಕಿ 16,287 ಚದರ ಮೈಲಿಗಳ, ಅಂದರೆ ಶೇಕಡ 60ರಷ್ಟು ಪ್ರದೇಶದ ಮಳೆನೀರನ್ನು ಇಲ್ಲಿನ ಜನರು ತಲೆಮಾರುಗಳ ತಾಳ್ಮೆಯ ದುಡಿಮೆಯಿಂದ ಆಗಲೇ ಕೆರೆಗಳಿಗೆ ತಿರುಗಿಸಿದ್ದರು. ಈ ಪ್ರದೇಶದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ. ಹಾಗೆ ಕಟ್ಟಿದರೂ ಅದು ಕೆಳಗಿನ ಹಳೆಯ ಕೆರೆಯ ನೀರನ್ನು ಕಸಿಯದೆ ಇರದು. ಇರುವುದನ್ನು ಸರಿಪಡಿಸುವುದೇ ಯುಕ್ತ ಎಂಬ ತೀರ್ಮಾನಕ್ಕೆ ಅವರು ಬಂದರು. ಆಳುವವರ ಕಡೆಯ ಅಧಿಕಾರಿಯೊಬ್ಬರು ಓದುಬರಹವರಿಯದ ಒಡ್ಡರ, ಒಕ್ಕಲಿಗರ ಜಾಣ್ಮೆಗೆ ಹೀಗೆ ತಲೆಬಾಗಿದ್ದು ಸಾಮಾನ್ಯ ಸಂಗತಿಯಲ್ಲ. ಕಂದಾಯದ ಹಿತವೂ ಈ ಕಾರ್ಯದ ಹಿಂದೆ ಇದ್ದಿತೆಂಬುದನ್ನು ಮರೆಯಲಾಗದಾದರೂ ರೈತನಿಗೆ ಆದ ಉಪಕಾರ ಅದರಿಂದ ಕಡಿಮೆಯಾಗುವುದಿಲ್ಲ.

ಏರಿಯನ್ನು ಬಲಪಡಿಸುವುದು, ಸೋರುವ ತೂಬುಗಳನ್ನು ಸರಿಪಡಿಸುವುದು, ಕೋಡಿಯನ್ನು ಪ್ರವಾಹಕ್ಕೆ ತಕ್ಕಷ್ಟು ಅಗಲಗೊಳಿಸುವುದು ಇಂತಹ ಜೀರ್ಣೋದ್ಧಾರದ ಮುಖ್ಯ ಅಂಗಗಳು. ಸರ್ಕಾರ ಒಮ್ಮೆ ಕೆರೆಯನ್ನು ಸುಸ್ಥಿತಿಗೆ ತಂದ ಬಳಿಕ ಏರಿಯ ಮಣ್ಣಿನ ಕೆಲಸವೇ ಮೊದಲಾದ ವಾರ್ಷಿಕ ಪಾಲನೆ ಆ ನೀರನ್ನುಣ್ಣುವ ರೈತರ ಹೊಣೆ. ಗದ್ದೆ ಗದ್ದೆಗೂ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಯ ಕಾಯಕ ಮೊದಲಿನಂತೆಯೇ ಮುಂದುವರಿಯಿತು.

ಸ್ಯಾಂಕಿಯವರ ಪರಿಣತಿಯ ಕೀರ್ತಿ ದೂರದೇಶಗಳಿಗೂ ಹಬ್ಬಿತ್ತು. 1870ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ಸರ್ಕಾರದ ಕೋರಿಕೆಯಂತೆ ಅಲ್ಲಿಗೆ ತೆರಳಿ ನೀರು ಸರಬರಾಜಿನ ವಿಷಯದಲ್ಲಿ ಸಲಹೆ ನೀಡಿದರು.

ಕೆರೆಗಳ ಜೀರ್ಣೋದ್ಧಾರ ಇನ್ನೂ ಬಹಳಷ್ಟು ಉಳಿದಿರುವಾಗಲೇ 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ಕಾಡಿದ ಆ ಮಹಾಕ್ಷಾಮದಲ್ಲಿ ಕೆರೆಗಳು ಬತ್ತಿದವು, ಜನ ಊರು ತೊರೆದರು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಸುಸ್ಥಿತಿಯಲ್ಲಿರುವ ಕೆರೆಯೂ ಬಾರದ ಮಳೆಯನ್ನು ತರಲಾರದು. ಬಂದ ಮಳೆಯ ಹನಿಯನ್ನು ಪೋಲಾಗದಂತೆ ಕಾಯಬಲ್ಲದು ಅಷ್ಟೆ. ಆ ಕಾವಲನ್ನು ಬರಗಾಲಕ್ಕೆ ಮುನ್ನವೇ ಸಿದ್ಧಪಡಿಸಿರಬೇಕೆಂಬುದನ್ನು ನಾಡು ಅಪಾರ ಬೆಲೆ ತೆತ್ತು ಕಲಿಯಿತು. ಕ್ಷಾಮದ ನಡುವೆಯೇ, 1877ರಲ್ಲಿ, ಸ್ಯಾಂಕಿಯವರು ಭಾರತ ಸರ್ಕಾರದ ಸೇವೆಗೆ ವರ್ಗವಾಗಿ ಮೈಸೂರನ್ನು ಬಿಟ್ಟರು.

ಅನಂತರ ಆಫ್ಘನ್ ಯುದ್ಧದಲ್ಲಿಯೂ ಮದರಾಸಿನಲ್ಲಿಯೂ ಸೇವೆ ಸಲ್ಲಿಸಿ 1884ರಲ್ಲಿ ನಿವೃತ್ತರಾದ ಅವರು ಸ್ವದೇಶಕ್ಕೆ ಮರಳಿ, ಐರ್ಲೆಂಡಿನ ಲೋಕೋಪಯೋಗಿ ಮಂಡಲಿಯ ಅಧ್ಯಕ್ಷತೆಯನ್ನು 1896ರವರೆಗೆ ವಹಿಸಿದರು. 1892ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು. 1908ರ ನವೆಂಬರ್ 11ರಂದು ಲಂಡನ್ನಿನಲ್ಲಿ ನಿಧನರಾದರು.

ಹಲಸೂರಿನ ಕೆಳಗಣ ಅಚ್ಚುಕಟ್ಟಿನಲ್ಲಿ ಇಂದು ಬತ್ತದ ಬದಲು ಬಡಾವಣೆಗಳಿವೆ. ಕಣಿವೆಯ ತಲೆಯಲ್ಲಿ ಬಿಟ್ಟ ಕೊಳಚೆ ಬೆಳ್ಳಂದೂರಿನಲ್ಲಿ ನೊರೆಯಾಗಿ ಉಕ್ಕಿದುದನ್ನು ಈ ತಲೆಮಾರು ಕಂಡಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರು ಇನ್ನೂ ಒಂದು ಹಂತ ಶುದ್ಧಿಗೊಳ್ಳಬೇಕೆಂಬ ಬೇಡಿಕೆ ಅಲ್ಲಿನ ರೈತರದು. ಮೇಲಿನವರ ನಡತೆಯ ಫಲವನ್ನು ಕೆಳಗಿನವರು ಉಣ್ಣಬೇಕಾದ ಸ್ಥಿತಿ ಹಾಗೆಯೇ ಇದೆ. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಜಿನಿಯರುಗಳಾಗಿ ಈ ಕೆರೆಗಳ ಹೊಣೆ ಹೊರುವರು. ಹೊಸದನ್ನು ಕಟ್ಟುವ ಮುನ್ನ ಇರುವುದನ್ನು ಅಳೆದು, ಅರಿತು, ಕೆಳಗಿನ ಊರಿನ ಪಾಲನ್ನೂ ಲೆಕ್ಕಕ್ಕೆ ಹಿಡಿದ ಈ ಹಿರಿಯ ಇಂಜಿನಿಯರರ ಜೀವನ ಅವರಿಗೆ ದಾರಿದೀಪವಾಗಲಿ.